ನರಕೋಶದ ಒಳದೂತರು: ಬಂದವರು ಹೊರಡದಿದ್ದರೆ ಏನಾಗುತ್ತದೆ

ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಸಿನಾಪ್ಸಿನ ಚಿತ್ರ ಇದ್ದೇ ಇರುತ್ತದೆ. ಒಂದು ನರಕೋಶದ ತುದಿ, ಅದರೊಳಗೆ ದುಂಡನೆಯ ಗುಳ್ಳೆಗಳು, ನಡುವೆ ಕಿರಿದಾದ ಸಂದು, ಆಚೆಗೆ ಇನ್ನೊಂದು ನರಕೋಶ. ಗುಳ್ಳೆ ಬಾಯಿಬಿಡುತ್ತದೆ, ನರಪ್ರೇಷಕ ಎಂಬ ರಾಸಾಯನಿಕ ಹೊರಬರುತ್ತದೆ, ಆಚೆಯ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ, ಸಂದೇಶ ದಾಟಿತು. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಮುಂಬಯಿ, ಪುಣೆಯ ಜೂನಿಯರ್ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳು ನೀಟ್ ಪರೀಕ್ಷೆಗೆ ಬಾಯಿಪಾಠ ಮಾಡುವುದೂ ಇಷ್ಟನ್ನೇ.

ಆದರೆ ಸಂದು ದಾಟಿ ಬಂದ ಆ ಅಣು ಸಾಮಾನ್ಯವಾಗಿ ಎರಡನೇ ಕೋಶದ ಒಳಗೆ ಹೋಗುವುದೇ ಇಲ್ಲ. ಹೊರಮೈಯ ಗ್ರಾಹಕವನ್ನು ಮುಟ್ಟಿ ಅಲ್ಲಿಂದಲೇ ಕಳಚಿಕೊಳ್ಳುತ್ತದೆ. ಒಳಗಿನ ಕೆಲಸ ನಡೆಸುವವರು ಬೇರೆ: ಕ್ಯಾಲ್ಸಿಯಂ, ಸೈಕ್ಲಿಕ್ ಎಎಂಪಿ, ಸೈಕ್ಲಿಕ್ ಜಿಎಂಪಿ, ಐಪಿ3, ಡಯಾಸಿಲ್‌ಗ್ಲಿಸರಾಲ್. ಇವರೇ ಒಳದೂತರು. ಯಾರು ಯಾರನ್ನು ಎಬ್ಬಿಸುತ್ತಾರೆ ಎಂಬ ಬಾಣದ ಗುರುತುಗಳ ನಕ್ಷೆಯನ್ನು ಎಷ್ಟು ಕಲಿತರೂ ಇವರ ಕೆಲಸ ಅರ್ಥವಾಗುವುದಿಲ್ಲ. ಎದ್ದವರನ್ನು ಯಾರು, ಎಷ್ಟು ಬೇಗ ಇಲ್ಲವಾಗಿಸುತ್ತಾರೆ ಎಂಬುದನ್ನು ಕೇಳಬೇಕು. ವಿಷ, ಔಷಧ, ಕಾಯಿಲೆ ಇವುಗಳಲ್ಲಿ ಬಹಳಷ್ಟು ಕೈಹಾಕುವುದು ಈ ಎರಡನೇ ಅರ್ಧಕ್ಕೆ.

ಗ್ರಾಹಕಗಳಲ್ಲಿ ಎರಡು ಬಗೆ. ಮೊದಲನೆಯದು ತಾನೇ ಒಂದು ಅಯಾನು ನಾಳ. ನರಪ್ರೇಷಕ ಅಂಟಿದ ಕೂಡಲೇ, ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ತೆರೆಯುತ್ತದೆ. ಎರಡನೆಯದರಲ್ಲಿ ನಾಳವಿಲ್ಲ. ಅದು ಪೊರೆಯ ಒಳಬದಿಗೆ ಅಂಟಿಕೊಂಡಿರುವ ಜಿ ಪ್ರೋಟೀನನ್ನು ಎಬ್ಬಿಸುತ್ತದೆ, ಅದರಿಂದ ಒಳದೂತರು ಹುಟ್ಟುತ್ತಾರೆ. ಈ ದಾರಿ ನಿಧಾನ, ಹತ್ತಾರು ಮಿಲಿಸೆಕೆಂಡಿನಿಂದ ಸೆಕೆಂಡುಗಳವರೆಗೆ ಹಿಡಿಯುತ್ತದೆ. ಪರಿಣಾಮ ಮಾತ್ರ ನಿಮಿಷ, ಗಂಟೆಗಳ ಕಾಲ ಉಳಿಯಬಲ್ಲದು. ಗ್ಲುಟಮೇಟ್, ಅಸಿಟೈಲ್‌ಕೋಲಿನ್, ಸೆರೊಟೋನಿನ್‌ಗಳಿಗೆ ಎರಡೂ ಬಗೆಯ ಗ್ರಾಹಕಗಳಿವೆ. ಡೋಪಮೈನ್ ಬಹುತೇಕ ಎರಡನೇ ದಾರಿಯನ್ನೇ ಹಿಡಿಯುತ್ತದೆ.

ಕ್ಯಾಲ್ಸಿಯಂ: ಸದಾ ಉಬ್ಬರದಲ್ಲಿ ಬದುಕುವ ಕೋಶ

ಮಿದುಳಿನ ಕೋಶಗಳ ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ ಸುಮಾರು 1.2 ಮಿಲಿಮೋಲಾರ್. ಸುಮ್ಮನಿರುವ ಕೋಶದ ಒಳಗೆ ಬಿಡುವಾಗಿರುವ ಕ್ಯಾಲ್ಸಿಯಂ ಹೆಚ್ಚೆಂದರೆ 100 ನ್ಯಾನೊಮೋಲಾರ್. ಅಂದರೆ ಹೊರಗೆ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಮಳೆಗಾಲದ ದೊಡ್ಡ ಉಬ್ಬರದ ದಿನ ಮುಂಬಯಿಯಲ್ಲಿ ಸಮುದ್ರದ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರುತ್ತದೆ. ಆಗ ಗೇಟು ಮುಚ್ಚಿ ಹಾಜಿ ಅಲಿ, ಇರ್ಲಾದ ಪಂಪಿಂಗ್ ಸ್ಟೇಷನ್‌ಗಳು ಊರೊಳಗಿನ ನೀರನ್ನು ಎತ್ತಿ ಹೊರಗೆ ಹಾಕುತ್ತಲೇ ಇರಬೇಕು. ನರಕೋಶ ಹುಟ್ಟಿದಾಗಿನಿಂದ ಇಂಥ ಉಬ್ಬರದಲ್ಲೇ ಇರುತ್ತದೆ. ಅದರ ಗೇಟುಗಳು ಪೊರೆಯಲ್ಲಿರುವ ಕ್ಯಾಲ್ಸಿಯಂ ನಾಳಗಳು. ಪಂಪುಗಳು ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಓಡುವ ಪ್ರೋಟೀನ್‌ಗಳು.

ಇಷ್ಟು ಕಷ್ಟಪಟ್ಟು ಕ್ಯಾಲ್ಸಿಯಂ ಅನ್ನು ಹೊರಗಿಡುವುದಕ್ಕೆ ಕಾರಣವಿದೆ. ಕೋಶದ ಶಕ್ತಿ ವ್ಯವಹಾರವೆಲ್ಲ ಫಾಸ್ಫೇಟಿನ ಮೇಲೆ ನಿಂತಿದೆ, ಕ್ಯಾಲ್ಸಿಯಂ ಹೆಚ್ಚಾದರೆ ಫಾಸ್ಫೇಟಿನ ಜತೆ ಸೇರಿ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಹೊರಗಿಟ್ಟದ್ದರಿಂದ ಇನ್ನೊಂದು ಲಾಭವೂ ಆಯಿತು: ಒಳಗೆ ಇಷ್ಟು ಕಡಿಮೆ ಇರುವಾಗ ಕೆಲವೇ ಅಯಾನುಗಳು ನುಗ್ಗಿದರೂ ಅದು ಸ್ಪಷ್ಟ ಸಂಕೇತವಾಗುತ್ತದೆ.

ಆಗುವುದು ಹೀಗೆ. ವಿದ್ಯುತ್ ಸಂಕೇತ ನರತುದಿಗೆ ಬಂದಾಗ ಪೊರೆಯ ವೋಲ್ಟೇಜ್ ಏರಿ ಕ್ಯಾಲ್ಸಿಯಂ ನಾಳಗಳು ತೆರೆಯುತ್ತವೆ. ನಾಳದ ಬಾಯಿಯಿಂದ ಕೆಲವು ಹತ್ತು ನ್ಯಾನೊಮೀಟರ್ ದೂರದೊಳಗೆ ಮಾತ್ರ ಕ್ಯಾಲ್ಸಿಯಂ ಹತ್ತಾರು ಮೈಕ್ರೊಮೋಲಾರ್‌ಗೆ ಜಿಗಿಯುತ್ತದೆ. ಅದೇ ಹೊತ್ತಿಗೆ ಸ್ವಲ್ಪ ಆಚೆಗೆ ಏನೂ ಬದಲಾಗಿರುವುದಿಲ್ಲ. ಬಿಡುಗಡೆಗೆ ಸಿದ್ಧವಾದ ಗುಳ್ಳೆಗಳು ಈ ನಾಳಗಳ ಪಕ್ಕದಲ್ಲೇ ಕಟ್ಟಿಹಾಕಿದಂತೆ ನಿಂತಿರುತ್ತವೆ. ಒಂದೊಂದೂ ಸುಮಾರು 40 ನ್ಯಾನೊಮೀಟರ್ ಅಗಲ. ಗುಳ್ಳೆಯ ಮೈಮೇಲಿನ ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನ್ ಕ್ಯಾಲ್ಸಿಯಂ ಹಿಡಿದ ಕೂಡಲೇ, ಮೊದಲೇ ಅರ್ಧ ಹೆಣೆದುಕೊಂಡಿದ್ದ ಮೂರು ಸ್ನೇರ್ ಪ್ರೋಟೀನ್‌ಗಳು (ಸಿನಾಪ್ಟೊಬ್ರೆವಿನ್, ಸಿಂಟ್ಯಾಕ್ಸಿನ್, ಸ್ನ್ಯಾಪ್-25) ಬಿಗಿಯಾಗಿ ಗುಳ್ಳೆಯ ಪೊರೆಯನ್ನು ಕೋಶದ ಪೊರೆಗೆ ಬೆಸೆಯುತ್ತವೆ. ಕ್ಯಾಲ್ಸಿಯಂ ಒಳಬಂದ ಮೇಲೆ ಇಷ್ಟೆಲ್ಲ ನಡೆಯಲು ಒಂದು ಮಿಲಿಸೆಕೆಂಡೂ ಬೇಡ.

ಕ್ಯಾಲ್ಸಿಯಂಗೂ ಬಿಡುಗಡೆಗೂ ಇರುವ ಸಂಬಂಧ ಸರಳರೇಖೆಯದ್ದಲ್ಲ. ಕಪ್ಪೆಯ ನರ-ಸ್ನಾಯು ಸಂಧಿಯಲ್ಲಿ 1967ರಲ್ಲಿ ಡಾಜ್ ಮತ್ತು ರಹಾಮಿಮೋಫ್ ಅಳೆದು ತೋರಿಸಿದಂತೆ, ಬಿಡುಗಡೆ ಸುಮಾರಾಗಿ ಕ್ಯಾಲ್ಸಿಯಂನ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಕ್ಯಾಲ್ಸಿಯಂ ಅರ್ಧವಾದರೆ ಬಿಡುಗಡೆ ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹೆರಿಗೆ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ವಿಷಯ. ಗರ್ಭಿಣಿಯರಿಗೆ ಬಿಪಿ ಏರಿ ಫಿಟ್ಸ್ ಬರುವ ಅಪಾಯವಿದ್ದಾಗ ಮೆಗ್ನೀಷಿಯಂ ಸಲ್ಫೇಟ್ ಕೊಡುತ್ತಾರೆ. ಮೆಗ್ನೀಷಿಯಂ ಹೆಚ್ಚಾದರೆ ನರತುದಿಯಲ್ಲಿ ಕ್ಯಾಲ್ಸಿಯಂ ಒಳಬರುವುದಕ್ಕೆ ಅಡ್ಡಿಯಾಗುತ್ತದೆ, ಅಸಿಟೈಲ್‌ಕೋಲಿನ್ ಬಿಡುಗಡೆ ಕುಸಿಯುತ್ತದೆ. ಆದ್ದರಿಂದಲೇ ನರ್ಸ್ ಗಂಟೆಗೊಮ್ಮೆಯಾದರೂ ಮಂಡಿಗೆ ತಟ್ಟಿ ಕಾಲು ಒದೆಯುತ್ತದೆಯೇ ನೋಡುತ್ತಾರೆ, ಉಸಿರು ಎಣಿಸುತ್ತಾರೆ, ಮೂತ್ರ ಅಳೆಯುತ್ತಾರೆ. ಮೊದಲು ಮಾಯವಾಗುವುದು ಮಂಡಿಯ ಪ್ರತಿಕ್ರಿಯೆ, ಆಮೇಲೆ ಉಸಿರಾಟ. ಪ್ರತಿಮದ್ದು ಪಕ್ಕದಲ್ಲೇ ಸಿದ್ಧವಿರುತ್ತದೆ: ಕ್ಯಾಲ್ಸಿಯಂ ಗ್ಲುಕೊನೇಟ್.

ಇನ್ನು ತೆರವಿನ ಕೆಲಸ. ನಾಳ ಮುಚ್ಚಿದ ಮರುಗಳಿಗೆಯಲ್ಲೇ ಬಾಯಿಯ ಬಳಿಯ ದಟ್ಟಣೆ ಚದುರುತ್ತದೆ. ಬಹುಪಾಲನ್ನು ಪಾರ್ವಾಲ್ಬುಮಿನ್, ಕ್ಯಾಲ್‌ಬಿಂಡಿನ್‌ನಂಥ ಪ್ರೋಟೀನ್‌ಗಳು ಹಿಡಿದಿಟ್ಟುಕೊಳ್ಳುತ್ತವೆ. ಪೊರೆಯ ಪಂಪು ಒಂದು ಎಟಿಪಿಗೆ ಒಂದು ಅಯಾನನ್ನು ಹೊರಹಾಕುತ್ತದೆ; ಕೋಶದೊಳಗಿನ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಉಗ್ರಾಣದ ಪಂಪು ಒಂದು ಎಟಿಪಿಗೆ ಎರಡನ್ನು ಒಳಗೆ ಸೆಳೆಯುತ್ತದೆ. ಮೂರು ಸೋಡಿಯಂ ಒಳಬಿಟ್ಟು ಒಂದು ಕ್ಯಾಲ್ಸಿಯಂ ಹೊರಗಟ್ಟುವ ವಿನಿಮಯ ಪ್ರೋಟೀನೂ ಇದೆ. ಪೂರ್ತಿ ತೆರವಾಗಲು ಹತ್ತಾರು, ಕೆಲವೊಮ್ಮೆ ನೂರಾರು ಮಿಲಿಸೆಕೆಂಡು ಬೇಕು. ಅಷ್ಟರೊಳಗೆ ಎರಡನೇ ವಿದ್ಯುತ್ ಸಂಕೇತ ಬಂದರೆ, ಉಳಿದಿದ್ದ ಕ್ಯಾಲ್ಸಿಯಂ ಹೊಸದಕ್ಕೆ ಜತೆಯಾಗಿ ಅನೇಕ ಸಿನಾಪ್ಸುಗಳಲ್ಲಿ ಮೊದಲಿಗಿಂತ ಹೆಚ್ಚು ಗುಳ್ಳೆಗಳು ಬಾಯಿಬಿಡುತ್ತವೆ. ಅರೆಗಳಿಗೆಯ ಈ ನೆನಪು ತೆರವಿನ ವೇಗದಿಂದಲೇ ಹುಟ್ಟಿದ್ದು.

ತೆರವು ಕ್ಯಾಲ್ಸಿಯಂಗಷ್ಟೇ ಅಲ್ಲ, ಬಳಸಿದ ಯಂತ್ರಕ್ಕೂ ಬೇಕು. ಇದನ್ನು ತಿಳಿಸಿಕೊಟ್ಟ ಕಥೆಯಲ್ಲಿ ಮುಂಬಯಿಗೂ ಪಾಲಿದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಆಣ್ವಿಕ ಜೀವವಿಜ್ಞಾನ ವಿಭಾಗ ಕಟ್ಟಿದ ಒಬೈದ್ ಸಿದ್ದಿಕಿ, ಕ್ಯಾಲಿಫೋರ್ನಿಯಾದ ಸೀಮೋರ್ ಬೆಂಝರ್ ಜತೆ ಸೇರಿ 1976ರಲ್ಲಿ ಬಿಸಿ ತಾಗಿದರೆ ಲಕ್ವ ಹೊಡೆದಂತೆ ಬೀಳುವ ಹಣ್ಣುನೊಣಗಳ ನರದೋಷಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದರ ಹೆಸರು ಕೊಮಟೋಸ್. ಆ ವಂಶವಾಹಿ ಎನ್‌ಎಸ್‌ಎಫ್ ಎಂಬ ಪ್ರೋಟೀನಿನದ್ದು ಎಂದು ಗೊತ್ತಾದದ್ದು 1990ರ ದಶಕದಲ್ಲಿ. ಬೆಸುಗೆ ಮುಗಿಸಿ ಸಿಕ್ಕಿಹಾಕಿಕೊಂಡ ಸ್ನೇರ್ ಪ್ರೋಟೀನ್‌ಗಳನ್ನು ಎಟಿಪಿ ಖರ್ಚಿನಲ್ಲಿ ಬಿಡಿಸಿ ಮತ್ತೆ ಬಳಕೆಗೆ ಕೊಡುವುದು ಅದರ ಕೆಲಸ. ಬಿಸಿಗೆ ಅದು ಕೈಕೊಟ್ಟರೆ ಹೊಸ ಬೆಸುಗೆಗೆ ಬಿಡಿ ಪ್ರೋಟೀನ್ ಸಿಗುವುದಿಲ್ಲ, ನೊಣ ಬಿದ್ದಲ್ಲೇ ಬೀಳುತ್ತದೆ. ಇದೇ ಸಂಸ್ಥೆಯಲ್ಲಿ ಕೆ. ಎಸ್. ಕೃಷ್ಣನ್ ವರ್ಷಗಟ್ಟಲೆ ಇಂಥ ನೊಣಗಳ ಮೇಲೆ ದುಡಿದರು. ಶಿಬಿರೆ ಎಂಬ ಇನ್ನೊಂದು ತಳಿಯಲ್ಲಿ ಡೈನಮಿನ್ ಕೆಡುತ್ತದೆ. ಪೊರೆಯಲ್ಲಿ ಕರಗಿದ ಗುಳ್ಳೆಯನ್ನು ಒಳಗೆ ಚಿವುಟಿ ತೆಗೆದುಕೊಳ್ಳುವ ಪ್ರೋಟೀನ್ ಅದು. ಸುಮಾರು 30 ಡಿಗ್ರಿಯಲ್ಲಿ ಗುಳ್ಳೆಗಳ ದಾಸ್ತಾನು ಖಾಲಿಯಾಗಿ ನೊಣ ನಿಶ್ಚಲವಾಗುತ್ತದೆ, ತಣ್ಣಗಾದರೆ ಏಳುತ್ತದೆ.

ಆಚೆ ದಡದಲ್ಲಿ ಆರು ಅಯಾನುಗಳು

ಸಂದೇಶ ಪಡೆಯುವ ಬದಿಯಲ್ಲಿ ಅನೇಕ ಸಿನಾಪ್ಸುಗಳು ನರಕೋಶದ ಕವಲಾದ ಡೆಂಡ್ರೈಟಿನ ಮೇಲೆ ಎದ್ದ ಪುಟ್ಟ ಮುಳ್ಳಿನಂಥ ಭಾಗದಲ್ಲಿರುತ್ತವೆ. ಅದರ ತಲೆಯ ಗಾತ್ರ 0.1 ಘನ ಮೈಕ್ರೊಮೀಟರ್ ಎಂದಿಟ್ಟುಕೊಂಡು 100 ನ್ಯಾನೊಮೋಲಾರ್ ಲೆಕ್ಕ ಹಾಕಿ: ಬಿಡುವಾಗಿರುವ ಕ್ಯಾಲ್ಸಿಯಂ ಅಯಾನುಗಳು ಸರಾಸರಿ ಆರು. ಹೌದು, ಆರೇ. ನೆನಪಿನ ವ್ಯವಹಾರ ಇಷ್ಟು ಸಣ್ಣ ಎಣಿಕೆಯ ಮೇಲೆ ನಡೆಯುತ್ತದೆ.

ಇಲ್ಲಿನ ಮುಖ್ಯ ಬಾಗಿಲು ಎನ್‌ಎಂಡಿಎ ಗ್ರಾಹಕ. ಅದರ ನಾಳದಲ್ಲಿ ಒಂದು ಮೆಗ್ನೀಷಿಯಂ ಅಯಾನು ಸಿಕ್ಕಿಕೊಂಡಿರುತ್ತದೆ. ಗ್ಲುಟಮೇಟ್ ಅಂಟಿಕೊಂಡರೆ ಸಾಲದು, ಅದೇ ಹೊತ್ತಿಗೆ ಪೊರೆಯ ವೋಲ್ಟೇಜೂ ಏರಿರಬೇಕು. ಆಗ ಮೆಗ್ನೀಷಿಯಂ ಜಾರಿ ಕ್ಯಾಲ್ಸಿಯಂ ಒಳಬರುತ್ತದೆ. ಬಂದ ಕ್ಯಾಲ್ಸಿಯಂ ಅನ್ನು ಕ್ಯಾಲ್ಮೊಡ್ಯುಲಿನ್ ಒಂದಕ್ಕೆ ನಾಲ್ಕರಂತೆ ಹಿಡಿದು ಕಿಣ್ವಗಳನ್ನು ಎಬ್ಬಿಸುತ್ತದೆ. ಏರಿಕೆ ದೊಡ್ಡದಾಗಿ, ಚುಟುಕಾಗಿ ಇದ್ದರೆ ಕ್ಯಾಮ್‌ಕೆ2 ಎಂಬ ಕಿಣ್ವ ಗೆಲ್ಲುತ್ತದೆ. ಹನ್ನೆರಡು ಘಟಕಗಳ ಈ ಕಿಣ್ವದ ಒಂದು ಘಟಕ ಪಕ್ಕದ್ದಕ್ಕೆ ಫಾಸ್ಫೇಟ್ ಅಂಟಿಸುವುದರಿಂದ ಕ್ಯಾಲ್ಸಿಯಂ ಇಳಿದ ಮೇಲೂ ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತದೆ. ಪೊರೆಗೆ ಹೆಚ್ಚು ಗ್ಲುಟಮೇಟ್ ಗ್ರಾಹಕಗಳು ಬಂದು ಸಿನಾಪ್ಸ್ ಬಲವಾಗುತ್ತದೆ. ಏರಿಕೆ ಸಣ್ಣದಾಗಿ, ದೀರ್ಘವಾಗಿ ಇದ್ದರೆ ಫಾಸ್ಫೇಟ್ ಕಿತ್ತುಹಾಕುವ ಕಿಣ್ವಗಳು ಗೆದ್ದು ಸಿನಾಪ್ಸ್ ಸೊರಗುತ್ತದೆ. ದೂತ ಒಬ್ಬನೇ, ಬಾಗಿಲೂ ಒಂದೇ. ಎಷ್ಟು, ಎಷ್ಟು ಹೊತ್ತು ಎಂಬುದರ ಮೇಲೆ ಫಲ ತಿರುವುಮುರುವಾಗುತ್ತದೆ.

ಕ್ಯಾಲ್ಸಿಯಂ ಎಬ್ಬಿಸುವ ಇನ್ನೊಂದು ಕಿಣ್ವ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದು ಅನಿಲ, ಗುಳ್ಳೆಯಲ್ಲಿ ತುಂಬಿಡಲಾಗದು. ಹುಟ್ಟಿದಲ್ಲಿಂದ ಹರಡಿ, ಹಿಂದಿನ ಕೋಶಕ್ಕೂ ಮರಳಿ ಹೋಗಿ ಸೈಕ್ಲಿಕ್ ಜಿಎಂಪಿ ಏರಿಸುತ್ತದೆ.

ಪಂಪುಗಳೇ ನಿಂತರೆ ಆಗುವುದು ಪಾರ್ಶ್ವವಾಯು ಹೊಡೆದ ಮಿದುಳಿನಲ್ಲಿ ಕಾಣುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗದ ಮಿದುಳು ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಬಳಸುತ್ತದೆ, ಅದರಲ್ಲಿ ದೊಡ್ಡ ಪಾಲು ಅಯಾನು ಪಂಪುಗಳಿಗೆ. ರಕ್ತನಾಳ ಕಟ್ಟಿಕೊಂಡರೆ ಎಟಿಪಿ ಮುಗಿಯುತ್ತದೆ, ಪೊರೆಯ ವೋಲ್ಟೇಜ್ ಕುಸಿಯುತ್ತದೆ, ಗ್ಲುಟಮೇಟ್ ಹೊರಗೆ ಸುರಿಯುತ್ತದೆ, ಎನ್‌ಎಂಡಿಎ ಬಾಗಿಲುಗಳು ತೆರೆದೇ ಉಳಿಯುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ ಕ್ಯಾಲ್ಪೈನ್‌ನಂಥ ಕಿಣ್ವಗಳನ್ನು ಎಬ್ಬಿಸಿ, ಅವು ಕೋಶದ ಸ್ವಂತ ಪ್ರೋಟೀನ್‌ಗಳನ್ನೇ ತುಂಡರಿಸುತ್ತವೆ. ಎನ್‌ಎಂಡಿಎ ಬಾಗಿಲು ಮುಚ್ಚಿದರೆ ಸಾಕು ಎಂದು ನಂಬಿ ತಯಾರಿಸಿದ ಔಷಧಗಳು ರೋಗಿಗಳಲ್ಲಿ ಫಲ ಕೊಡಲಿಲ್ಲ. ಇಂದಿಗೂ ಕೆಲಸಕ್ಕೆ ಬರುವುದು ರಕ್ತವನ್ನು ಮತ್ತೆ ಹರಿಸುವುದೇ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಮನೆಯವರು ಆಸ್ಪತ್ರೆಯಲ್ಲಿ ಹೇಳಬೇಕಾದ ಮೊದಲ ವಿಷಯ ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದು. ಟ್ರಾಫಿಕ್‌ನಲ್ಲಿ ಕಳೆಯುವ ಹೊತ್ತೂ ಇದೇ ಲೆಕ್ಕಕ್ಕೆ ಸೇರುತ್ತದೆ, ಆದ್ದರಿಂದ ಸಿಟಿ ಸ್ಕ್ಯಾನ್ ಇಲ್ಲದ ಸಣ್ಣ ಕ್ಲಿನಿಕ್ಕಿಗೆ ಹೋಗಿ ಅಲ್ಲಿಂದ ಮುಂದೆ ಕಳಿಸಿಕೊಳ್ಳುವುದು ಬೇಡ.

ಸೈಕ್ಲಿಕ್ ಎಎಂಪಿ ಮತ್ತು ಅದರ ನಾಲ್ಕು ಬ್ರೇಕುಗಳು

1950ರ ದಶಕದ ಕೊನೆಯಲ್ಲಿ ಅರ್ಲ್ ಸದರ್ಲೆಂಡ್ ಯಕೃತ್ತಿನಲ್ಲಿ ಕಂಡ ಅಣು ಇದು. 1971ರ ನೊಬೆಲ್ ಬಹುಮಾನ ಅವರಿಗೆ ಬಂತು. ನರಪ್ರೇಷಕ ಅಂಟಿದ ಗ್ರಾಹಕ ಜಿ ಪ್ರೋಟೀನಿನಿಂದ ಜಿಡಿಪಿ ಎಂಬ ಸಣ್ಣ ಅಣು ಕಳಚುವಂತೆ ಮಾಡುತ್ತದೆ, ಆ ಜಾಗಕ್ಕೆ ಒಂದು ಫಾಸ್ಫೇಟ್ ಹೆಚ್ಚಿರುವ ಜಿಟಿಪಿ ಬಂದು ಕೂರುತ್ತದೆ. ಜಿ ಪ್ರೋಟೀನಿನ ಎಚ್ಚೆತ್ತ ಆಲ್ಫಾ ಘಟಕ ಬೇರ್ಪಟ್ಟು ಅಡೆನೈಲಿಲ್ ಸೈಕ್ಲೇಸ್ ಕಿಣ್ವವನ್ನು ತಟ್ಟುತ್ತದೆ; ಅದು ಎಟಿಪಿಯನ್ನು ಸೈಕ್ಲಿಕ್ ಎಎಂಪಿ ಮಾಡುತ್ತದೆ. ಪಿಕೆಎ ಎಂಬ ಕಿಣ್ವದಲ್ಲಿ ಎರಡು ಕೆಲಸದ ಘಟಕಗಳನ್ನು ಎರಡು ಕಾವಲು ಘಟಕಗಳು ಅದುಮಿ ಹಿಡಿದಿರುತ್ತವೆ. ನಾಲ್ಕು ಸೈಕ್ಲಿಕ್ ಎಎಂಪಿ ಬಂದು ಕಾವಲಿಗೆ ಅಂಟಿದಾಗ ಕೆಲಸದವು ಬಿಡುಗಡೆಯಾಗಿ ನಾಳ, ಗ್ರಾಹಕ, ಕಿಣ್ವಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಹೊತ್ತು ಹೆಚ್ಚಾದರೆ ಕೋಶಕೇಂದ್ರದ ಕ್ರೆಬ್ ಪ್ರೋಟೀನಿಗೂ ಅಂಟಿಸಿ ವಂಶವಾಹಿಗಳನ್ನೇ ಚಾಲೂ ಮಾಡುತ್ತವೆ.

ಈಗ ಬ್ರೇಕುಗಳು. ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಅಂಟಿ ಅರೆಸ್ಟಿನ್ ಬಂದು ಮುಚ್ಚಿಕೊಳ್ಳುತ್ತದೆ. ಆಲ್ಫಾ ಘಟಕ ತನ್ನ ಜಿಟಿಪಿಯನ್ನು ತಾನೇ ಕತ್ತರಿಸಿ ಮಲಗುತ್ತದೆ. ಫಾಸ್ಫೊಡೈಎಸ್ಟರೇಸ್ ಕಿಣ್ವಗಳು ಸೈಕ್ಲಿಕ್ ಎಎಂಪಿಯ ಉಂಗುರ ಬಿಚ್ಚಿ ಬರೀ ಎಎಂಪಿ ಮಾಡುತ್ತವೆ. ಅಂಟಿಸಿದ ಫಾಸ್ಫೇಟುಗಳನ್ನು ಫಾಸ್ಫಟೇಸ್‌ಗಳು ಕೀಳುತ್ತವೆ.

ಎರಡನೇ ಬ್ರೇಕನ್ನು ಮುರಿಯುವುದು ಕಾಲರಾ. 1959ರಲ್ಲಿ ಕೋಲ್ಕತ್ತಾದ ಶಂಭುನಾಥ್ ಡೇ ತೋರಿಸಿದ ಕಾಲರಾ ವಿಷ, ಕರುಳಿನ ಕೋಶದ ಆಲ್ಫಾ ಘಟಕಕ್ಕೆ ಒಂದು ತುಣುಕು ಅಂಟಿಸಿ ಅದು ಜಿಟಿಪಿ ಕತ್ತರಿಸದಂತೆ ಮಾಡುತ್ತದೆ. ಸೈಕ್ಲಿಕ್ ಎಎಂಪಿ ಇಳಿಯುವುದೇ ಇಲ್ಲ, ಕೋಶದಿಂದ ಕರುಳಿಗೆ ಹೊರಟ ಕ್ಲೋರೈಡ್ ಹಿಂದೆ ನೀರು ಸುರಿಯುತ್ತದೆ. ನರಕೋಶದಲ್ಲಿರುವ ಬ್ರೇಕೂ ಇದೇ.

ಮೂರನೇ ಬ್ರೇಕಿನ ಮಹತ್ವ ನೊಣಗಳ ಕಲಿಕೆಯಲ್ಲಿ ಕಂಡಿತು. ಒಂದು ವಾಸನೆಯ ಜತೆ ವಿದ್ಯುತ್ ಶಾಕ್ ಕೊಟ್ಟರೆ ಸಾಮಾನ್ಯ ಹಣ್ಣುನೊಣ ಆ ವಾಸನೆಯಿಂದ ದೂರವಿರಲು ಕಲಿಯುತ್ತದೆ. ಬೆಂಝರ್ ಪ್ರಯೋಗಾಲಯದಿಂದ 1976ರಲ್ಲಿ ಬಂದ ಡನ್ಸ್ ಎಂಬ ತಳಿ ಇದನ್ನು ಕಲಿಯಲಾರದು. ಅದರಲ್ಲಿ ಕೆಟ್ಟಿದ್ದು ಫಾಸ್ಫೊಡೈಎಸ್ಟರೇಸ್, ಸೈಕ್ಲಿಕ್ ಎಎಂಪಿ ಅತಿಯಾಗಿತ್ತು. ರುಟಬಾಗ ಎಂಬ ಇನ್ನೊಂದು ತಳಿಯಲ್ಲಿ ಕೆಟ್ಟಿದ್ದು ಸೈಕ್ಲೇಸ್. ಅಲ್ಲಿ ದೂತ ಸಾಲದು. ಅದೂ ಸರಿಯಾಗಿ ಕಲಿಯಲಾರದು. ಈ ಇಡೀ ವಿಷಯದಲ್ಲಿ ಒಂದೇ ಪ್ರಯೋಗ ನೆನಪಿಡುವುದಾದರೆ ಇದನ್ನು ನೆನಪಿಡಿ. ದೂತ ಎಷ್ಟಿದ್ದಾನೆ ಎಂಬುದಕ್ಕಿಂತ ಸರಿಯಾದ ಹೊತ್ತಿಗೆ ಏರಿ ಇಳಿದನೇ ಎಂಬುದೇ ಕಲಿಕೆಗೆ ಮುಖ್ಯ ಎಂದು ಈ ಎರಡು ತಳಿಗಳನ್ನು ಅಕ್ಕಪಕ್ಕ ಇಟ್ಟರೆ ಕಾಣುತ್ತದೆ.

ಕಾಫಿ ಯಾವ ಬ್ರೇಕು ಹಿಡಿಯುತ್ತದೆ?

ಮಾಟುಂಗಾದ ಹೋಟೆಲುಗಳ ಫಿಲ್ಟರ್ ಕಾಫಿ ನಿದ್ದೆ ಓಡಿಸುವುದೇಕೆ ಎಂದರೆ, ಕೆಫೀನ್ ಫಾಸ್ಫೊಡೈಎಸ್ಟರೇಸ್ ಅನ್ನು ತಡೆದು ಸೈಕ್ಲಿಕ್ ಎಎಂಪಿ ಹೆಚ್ಚಿಸುತ್ತದೆ ಎಂಬ ಉತ್ತರ ಹಲವೆಡೆ ಸಿಗುತ್ತದೆ. ಪ್ರಯೋಗನಾಳದಲ್ಲಿ ಅದು ನಿಜ. ಆದರೆ ಅದಕ್ಕೆ ಬೇಕಾದ ಸಾಂದ್ರತೆ ನೂರಾರು ಮೈಕ್ರೊಮೋಲಾರ್, ಕಾಫಿ ಕುಡಿದವರ ರಕ್ತದಲ್ಲಿ ಬರುವುದು ಕೆಲವು ಹತ್ತು ಮೈಕ್ರೊಮೋಲಾರ್ ಮಾತ್ರ. ಅಷ್ಟರಲ್ಲಿ ಕೆಫೀನ್ ತಡೆಯುವುದು ಅಡೆನೊಸಿನ್ ಗ್ರಾಹಕಗಳನ್ನು. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಹೆಚ್ಚುತ್ತ ಹೋಗುವ ಅಡೆನೊಸಿನ್, ಸ್ಟ್ರಯೇಟಂ ಭಾಗದ ಕೆಲವು ಕೋಶಗಳಲ್ಲಿ ಎ2ಎ ಗ್ರಾಹಕದ ಮೂಲಕ ಸೈಕ್ಲಿಕ್ ಎಎಂಪಿ ಏರಿಸುತ್ತದೆ. ಅದೇ ಕೋಶದ ಡಿ2 ಗ್ರಾಹಕದ ಮೂಲಕ ಡೋಪಮೈನ್ ಅದನ್ನು ಇಳಿಸುತ್ತದೆ. ಕೆಫೀನ್ ಎ2ಎ ತಡೆದಾಗ ಈ ಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ಕಡಿಮೆಯಾಗುತ್ತದೆ. ಹಲವೆಡೆ ಸಿಗುವ ಆ ಉತ್ತರಕ್ಕೆ ನೇರ ಉಲ್ಟಾ. ಒಳದೂತ ಹೆಚ್ಚಿದರೆ ಕೋಶ ಚುರುಕು, ತಗ್ಗಿದರೆ ಮಂಕು ಎಂಬ ಸೂತ್ರ ಇಲ್ಲಿ ನಡೆಯುವುದಿಲ್ಲ. ಯಾವ ಕೋಶ, ಅದು ಯಾವ ಸರ್ಕ್ಯೂಟಿನಲ್ಲಿದೆ ಎಂದು ಕೇಳಲೇಬೇಕು.

ವಯಸ್ಕರಲ್ಲಿ ಕೆಫೀನ್ ಅರ್ಧವಾಗಲು ಸುಮಾರು ಐದು ಗಂಟೆ. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಇದೆ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ನಿಧಾನ. ಸಿಗರೇಟು ಸೇದುವವರಲ್ಲಿ ಬೇಗ.

ಐಪಿ3 ಮತ್ತು ಲಿಥಿಯಂ ಮಾತ್ರೆ

ಇನ್ನೊಂದು ಜಾತಿಯ ಜಿ ಪ್ರೋಟೀನ್ ಫಾಸ್ಫೊಲೈಪೇಸ್ ಸಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದು ಪೊರೆಯಲ್ಲಿರುವ ಪಿಐಪಿ2 ಎಂಬ ಕೊಬ್ಬಿನ ಅಣುವನ್ನು ಎರಡು ಮಾಡುತ್ತದೆ. ಒಂದು ಹೋಳು, ಡಯಾಸಿಲ್‌ಗ್ಲಿಸರಾಲ್, ಪೊರೆಯಲ್ಲೇ ಉಳಿದು ಪಿಕೆಸಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಇನ್ನೊಂದು, ಐಪಿ3, ನೀರಿನಲ್ಲಿ ಕರಗಿ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಂ ಉಗ್ರಾಣದ ಬಳಿ ಹೋಗಿ ಅಲ್ಲಿನ ಕ್ಯಾಲ್ಸಿಯಂ ಬಿಡಿಸುತ್ತದೆ. ಬಳಿಕ ಐಪಿ3ಯ ಫಾಸ್ಫೇಟುಗಳು ಒಂದೊಂದಾಗಿ ಕಳಚಿ, ಕೊನೆಗೆ ಉಳಿದ ಇನಾಸಿಟಾಲ್ ಮತ್ತೆ ಪಿಐಪಿ2 ಕಟ್ಟಲು ಬಳಕೆಯಾಗುತ್ತದೆ. ರಕ್ತದ ಇನಾಸಿಟಾಲ್ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲವಾದ್ದರಿಂದ ನರಕೋಶಕ್ಕೆ ಈ ಮರುಬಳಕೆ ಮುಖ್ಯ. ಆ ಕೊನೆಯ ಫಾಸ್ಫೇಟ್ ಕೀಳುವ ಕಿಣ್ವವನ್ನು ಲಿಥಿಯಂ ತಡೆಯುತ್ತದೆ. ಅತಿಯಾಗಿ ದುಡಿಯುತ್ತಿರುವ ಕೋಶದಲ್ಲಿ ಕಚ್ಚಾವಸ್ತು ಬೇಗ ಮುಗಿದು ಸಂಕೇತ ತಗ್ಗುತ್ತದೆ ಎಂಬುದು ಬೈಪೋಲಾರ್ (ಉನ್ಮಾದ, ಖಿನ್ನತೆಗಳ ನಡುವೆ ಓಲಾಡುವ) ಕಾಯಿಲೆಯಲ್ಲಿ ಲಿಥಿಯಂ ಕೆಲಸ ಮಾಡುವ ಬಗೆಗಿನ ಒಂದು ಪ್ರಬಲ ವಿವರಣೆ. ಜಿಎಸ್‌ಕೆ-3 ಎಂಬ ಇನ್ನೊಂದು ಕಿಣ್ವವನ್ನೂ ಅದು ತಡೆಯುತ್ತದೆ, ಆದ್ದರಿಂದ ಶ್ರೇಯಸ್ಸೆಲ್ಲ ಮೊದಲನೆಯದಕ್ಕೇ ಕೊಡುವಂತಿಲ್ಲ.

ಲಿಥಿಯಂನ ಸುರಕ್ಷಿತ ಅಂತರ ಬಹಳ ಕಿರಿದು. ರಕ್ತದಲ್ಲಿ ಸಾಮಾನ್ಯವಾಗಿ 0.6ರಿಂದ 1.0 ಮಿಲಿಮೋಲ್ ಪ್ರತಿ ಲೀಟರ್ ಇರಬೇಕು, 1.5 ದಾಟಿದರೆ ವಿಷದ ಲಕ್ಷಣಗಳು ಶುರು: ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು, ಮಾತು ತೊದಲುವುದು. ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂನಂತೆಯೇ ನೋಡುತ್ತದೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದರೆ ಸೋಡಿಯಂ ಉಳಿಸಿಕೊಳ್ಳಲು ಹೋಗಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮುಂಬಯಿ, ಗೋವಾದ ಮೇ ತಿಂಗಳ ಬೆವರು, ಮಳೆಗಾಲದ ಭೇದಿ, ನಿರ್ಜಲ ಉಪವಾಸ, ಡಾಕ್ಟರು ಬಿಪಿ ಹೆಚ್ಚಿದೆಯೆಂದು ಇದ್ದಕ್ಕಿದ್ದಂತೆ ಉಪ್ಪು ಬಿಡಿಸುವುದು, ಎಲ್ಲವೂ ಮಾತ್ರೆಯ ಸಂಖ್ಯೆ ಬದಲಾಗದೆಯೇ ಮಟ್ಟ ಏರಿಸಬಲ್ಲವು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದುಕೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆಗಳೂ ಅಷ್ಟೇ. ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳುವಾಗ ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲೇ ಹೇಳಬೇಕು.

ರಕ್ತ ಕೊಡುವ ಹೊತ್ತೂ ಮುಖ್ಯ. ಕೊನೆಯ ಮಾತ್ರೆ ತೆಗೆದುಕೊಂಡ 12 ಗಂಟೆಗೆ ಕೊಡಬೇಕು: ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ, ಆ ಬೆಳಗಿನ ಮಾತ್ರೆಗೆ ಮೊದಲು. ಮಾತ್ರೆ ನುಂಗಿ ಎರಡು ಗಂಟೆಯಲ್ಲಿ ಕೊಟ್ಟರೆ ಮಟ್ಟ ಸುಳ್ಳೇ ಹೆಚ್ಚಾಗಿ ಕಂಡು ಡೋಸ್ ತಪ್ಪಾಗಿ ಇಳಿಸುವ ಅಪಾಯವಿದೆ. ವಾಂತಿ ಭೇದಿ ಹಿಡಿದ ದಿನ ಮುಂದಿನ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಓಆರ್‌ಎಸ್ ಕುಡಿಯಿರಿ. ನಡಿಗೆ ತೂರಾಡುತ್ತಿದ್ದರೆ, ಮಾತು ತೊದಲುತ್ತಿದ್ದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಸ್ಟ್ರಿಪ್ ಜತೆಗೆ ಒಯ್ಯಿರಿ.